ನಾಯಿ, ಬೆಕ್ಕಿನ ತುರ್ತು ಹೊತ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ರಾತ್ರಿ ಹತ್ತರ ಮೇಲೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ. "ಡಾಕ್ಟ್ರೇ, ಬೆಳಗ್ಗೆ ತನಕ ಕಾಯಬಹುದಾ?" ನಾನು ಮೊದಲು ಕೆಲವು ವರ್ಷ ಬೆಂಗಳೂರಿನಲ್ಲಿದ್ದೆ, ಈಗ ಮಲೆನಾಡಿನ ಒಂದು ಊರಿನಲ್ಲಿ ನಾಯಿ, ಬೆಕ್ಕು ನೋಡುತ್ತೇನೆ. ಎರಡೂ ಕಡೆ ಕೇಳಿದ್ದು ಇದೇ ಪ್ರಶ್ನೆ. ನನ್ನ ಕೈಯಲ್ಲಿ ಉಳಿಯದೆ ಹೋದ ಎಷ್ಟೋ ಪ್ರಾಣಿಗಳು ಆರೇಳು ಗಂಟೆ ಮೊದಲು ಬಂದಿದ್ದರೆ ಉಳಿಯುತ್ತಿದ್ದವು. ಆ ಆರೇಳು ಗಂಟೆ ಮನೆಯಲ್ಲಿ ಹಾಲು, ಮಜ್ಜಿಗೆ, ಅರಿಶಿನ ಅಂತ ಕಳೆದುಹೋಗಿರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯ ಪ್ರಾಣಿ ಚೆನ್ನಾಗಿರುವಾಗಲೇ ಓದಿಕೊಳ್ಳಿ.

ಯಾವುದು ಬೆಳಗ್ಗೆ ತನಕ ಕಾಯುವುದಿಲ್ಲ?

ಉಸಿರಾಡಲು ಕಷ್ಟಪಡುತ್ತಿದ್ದರೆ ಕಾಯಬೇಡಿ. ನಾಯಿ ನಾಲಗೆ ಹೊರಗೆ ಹಾಕಿ ಏದುಸಿರು ಬಿಡುವುದು ಸಹಜ. ಬೆಕ್ಕು ಹಾಗೆ ಬಾಯಿ ತೆರೆದು ಉಸಿರಾಡುತ್ತಾ ಕೂತಿದ್ದರೆ ಅದು ದೊಡ್ಡ ಅಪಾಯದ ಸೂಚನೆ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದ್ದರೆ, ನಾಯಿಯ ಹೊಟ್ಟೆ ಉಬ್ಬಿ ವಾಂತಿ ಬಾರದೆ ಒದ್ದಾಡುತ್ತಿದ್ದರೆ, ವಿಷ ತಿಂದಿದ್ದರೆ, ಹಾವು ಕಚ್ಚಿದ್ದರೆ, ಗಾಡಿ ಗುದ್ದಿದ್ದರೆ, ಫಿಟ್ಸ್ 5 ನಿಮಿಷ ದಾಟಿದರೆ, ರಕ್ತ ನಿಲ್ಲದಿದ್ದರೆ, ಒಸಡು ಬಿಳಿಚಿಕೊಂಡಿದ್ದರೆ ತಕ್ಷಣ ಹೊರಡಿ. ಮೂರು ತಿಂಗಳ ಮರಿ ಎರಡು ಮೂರು ಸಲ ವಾಂತಿ ಮಾಡಿಕೊಂಡು ಮಂಕಾದರೂ ಅಷ್ಟೇ. ಸಣ್ಣ ಮರಿಯಲ್ಲಿ ಕೂಡಿಟ್ಟ ಶಕ್ತಿ ಬಹಳ ಕಡಿಮೆ.

ಒಂದು ಹೊತ್ತು ಊಟ ಬಿಟ್ಟು ಉಳಿದಂತೆ ಲವಲವಿಕೆಯಿಂದಿರುವ ದೊಡ್ಡ ನಾಯಿ ಬೆಳಗ್ಗೆ ತನಕ ಕಾಯಬಹುದು. ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ ಕಾಯುವ ಹಾಗಿಲ್ಲ. ಅದರಲ್ಲೂ ದಪ್ಪ ಬೆಕ್ಕಾದರೆ ಉಪವಾಸದಿಂದಲೇ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ.

ಫೋನ್ ಮಾಡಿದಾಗ "ಒಸಡು ನೋಡಿ" ಅಂತೀರಲ್ಲ, ಅದರಲ್ಲಿ ಏನು ನೋಡಬೇಕು?

ಮೇಲಿನ ತುಟಿ ಎತ್ತಿ. ಕೋರೆಹಲ್ಲಿನ ಮೇಲೆ ಒಸಡು ತಿಳಿ ಗುಲಾಬಿ ಬಣ್ಣಕ್ಕೆ, ಒದ್ದೆಯಾಗಿರಬೇಕು. ಹೆಬ್ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿಗೆ ತಿರುಗಬೇಕು. ಸುಣ್ಣದ ಹಾಗೆ ಬೆಳ್ಳಗಿದ್ದರೆ ರಕ್ತ ಕಡಿಮೆಯಾಗಿದೆ ಅಥವಾ ರಕ್ತದೋಟ ಕುಸಿಯುತ್ತಿದೆ. ನೀಲಿ ಇದ್ದರೆ ಆಮ್ಲಜನಕ ಸಾಲುತ್ತಿಲ್ಲ. ಇಟ್ಟಿಗೆ ಕೆಂಪಾದರೆ ಮೈ ಕಾದಿದೆ ಅಥವಾ ರಕ್ತಕ್ಕೆ ಸೋಂಕು ಏರಿದೆ. ಹಳದಿಯಾದರೆ ಕಾಮಾಲೆ. ಕೆಲವು ನಾಯಿಗಳಿಗೆ ಹುಟ್ಟಿನಿಂದಲೇ ಒಸಡು ಕಪ್ಪಗಿರುತ್ತದೆ. ಅಂಥವಕ್ಕೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಭಾಗ ನೋಡಿ. ಸುಮ್ನೆ ಇರುವ ದಿನವೇ ಒಂದು ಸಲ ನೋಡಿಟ್ಟುಕೊಳ್ಳಿ. ಸರಿಯಾದ ಬಣ್ಣ ಗೊತ್ತಿದ್ದರೆ ತಾನೇ ಬದಲಾಗಿದ್ದು ಕಾಣುವುದು?

ನಿದ್ದೆಯಲ್ಲಿದ್ದಾಗ ಎದೆ ಏರಿಳಿಯುವುದನ್ನೂ ಎಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು. ನಿದ್ದೆಯಲ್ಲೂ 40 ದಾಟುತ್ತಿದ್ದರೆ ಫೋನ್ ಮಾಡಿ.

ನಮ್ಮ ಗಂಡು ಬೆಕ್ಕು ಮಲಮೂತ್ರದ ಟ್ರೇನಲ್ಲಿ ಕೂತು ಕೂತು ತಿಣುಕುತ್ತಿದೆ. ಮಲಬದ್ಧತೆ ಅಲ್ವಾ?

ಇರಬಹುದು. ಆದರೆ ಗಂಡು ಬೆಕ್ಕಾದರೆ ಮೂತ್ರ ಕಟ್ಟಿದೆ ಎಂದೇ ತಿಳಿದು ಹೊರಡಿ.

ಒಂದು ಸಂಜೆ ತರಕಾರಿ ಚೀಲದಲ್ಲಿ ಒಂದು ಕೇಸರಿ ಬೆಕ್ಕು ಬಂತು. ಚೀಲದ ಬಾಯಿಂದ ತಲೆ ಮಾತ್ರ ಹೊರಗಿತ್ತು. ತಂದ ಅಮ್ಮ ಎರಡು ದಿನದಿಂದ ಚಮಚದಲ್ಲಿ ಹರಳೆಣ್ಣೆ ಕುಡಿಸಿದ್ದರು. "ಎಷ್ಟು ತಿಣುಕಿದರೂ ಕಕ್ಕಸು ಬರ್ತಿಲ್ಲ" ಎಂದರು. ಹೊಟ್ಟೆಯ ಕೆಳಗೆ ಕೈ ಹಾಕಿದೆ. ಮೂತ್ರಚೀಲ ದೊಡ್ಡ ನಿಂಬೆಹಣ್ಣಿನಷ್ಟಾಗಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಎದೆಬಡಿತ ಎಣಿಸಿದರೆ ನಿಮಿಷಕ್ಕೆ 90. ಬೆಕ್ಕಿಗೆ ಕಡಿಮೆ ಅಂದರೂ 140 ಇರಬೇಕು. ಮೂತ್ರ ಹೋಗದೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವನ್ನು ನಿಧಾನ ಮಾಡುತ್ತಿತ್ತು. ಆ ಬೆಕ್ಕು ಉಳಿಯಿತು. ಮೂರು ದಿನ ಟ್ಯೂಬ್ ಹಾಕಿಸಿಕೊಂಡು, ಡ್ರಿಪ್‌ನಲ್ಲಿದ್ದು ಉಳಿಯಿತು. ಅದೇ ತಿಂಗಳು ಬಂದ ಇನ್ನೊಂದು ಉಳಿಯಲಿಲ್ಲ.

ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಮರಳಿನಂಥ ಹರಳು, ಲೋಳೆ ಸೇರಿ ಬಿರಡೆಯ ಹಾಗೆ ಕೂತುಬಿಡುತ್ತದೆ. ಪೂರ್ತಿ ಕಟ್ಟಿದರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಮೇಲಿಂದ ಮೇಲೆ ಟ್ರೇಗೆ ಹೋಗುವುದು, ಹನಿ ಹನಿ ಬರುವುದು ಅಥವಾ ಏನೂ ಬಾರದಿರುವುದು, ಅಲ್ಲೇ ನೆಕ್ಕಿಕೊಳ್ಳುವುದು, ಕೂಗುವುದು, ಆಮೇಲೆ ವಾಂತಿ. ಇವು ಕಂಡರೆ ಹರಳೆಣ್ಣೆ ಬೇಡ. ಹೊಟ್ಟೆ ಒತ್ತುವುದಂತೂ ಬೇಡವೇ ಬೇಡ, ಮೂತ್ರಚೀಲ ಒಡೆಯಬಹುದು.

ಜ್ವರ ಇದೆ. ಕ್ರೋಸಿನ್ ಅಥವಾ ಡೋಲೋ ಒಂದು ಚೂರು ಕೊಡಬಹುದಾ?

ಬೆಕ್ಕಿಗೆ ಒಂದು ಚೂರೂ ಬೇಡ. ಈ ಮಾತ್ರೆಗಳಲ್ಲಿರುವ ಪ್ಯಾರಸಿಟಮಾಲ್ ಅನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೆಲವು ಗಂಟೆಗಳಲ್ಲಿ ರಕ್ತ ಕಂದು ಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರದಂತಾಗುತ್ತದೆ. ಒಸಡು ಚಾಕೊಲೇಟ್ ಬಣ್ಣವಾಗುತ್ತದೆ, ಮುಖ, ಪಾದ ಊದುತ್ತದೆ. ಪ್ರೀತಿಯಿಂದ ಕೊಟ್ಟ ಕಾಲು ಮಾತ್ರೆಯಿಂದ ಸತ್ತ ಬೆಕ್ಕನ್ನು ಅವರ ಮನೆಯವರ ಕೈಗೆ ವಾಪಸ್ ಕೊಟ್ಟಿದ್ದೇನೆ. ಅವರಿಗೆ ಏನು ಹೇಳಬೇಕೋ ನನಗೆ ಈಗಲೂ ತಿಳಿಯದು. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡಬೇಡಿ, ಬೈಯುವುದಿಲ್ಲ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದು ಇದೆ. ಬೇಗ ಬಂದಷ್ಟೂ ಅದು ಕೆಲಸ ಮಾಡುತ್ತದೆ.

ನಾಯಿಗೂ ಮನುಷ್ಯರ ಮಾತ್ರೆ ಬೇಡ. ಬ್ರೂಫೆನ್, ಕಾಂಬಿಫ್ಲಾಮ್, ಡೈಕ್ಲೋಫೆನಾಕ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಗೆ ಏಟು ಕೊಡುತ್ತವೆ. ಅಂದಹಾಗೆ, ಮೂಗು ಬಿಸಿ ಇದ್ದರೆ ಜ್ವರ ಅಂತಲ್ಲ. ಥರ್ಮಾಮೀಟರ್ ಇಡಬೇಕಾದ ಜಾಗ ಗುದ. ನಾಯಿ, ಬೆಕ್ಕಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ನಮಗೆ ಜ್ವರ ಅನ್ನಿಸುವ ಅಂಕಿ ಅವಕ್ಕೆ ಆರೋಗ್ಯ.

ವಿಷ ತಿಂದಿದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲಾ?

ಬೇಡ. ಉಪ್ಪು ಜಾಸ್ತಿಯಾದರೆ ಅದೇ ಇನ್ನೊಂದು ವಿಷ. ಮಂಕಾದ ಪ್ರಾಣಿಗೆ ಬಾಯಲ್ಲಿ ಏನು ಹೊಯ್ದರೂ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಲು ಕುಡಿಸಿದರೆ ವಿಷ ಇಳಿಯುತ್ತದೆ ಎಂಬುದೂ ಸುಳ್ಳು. ಆ್ಯಸಿಡ್, ಸೀಮೆಎಣ್ಣೆ, ಪೆಟ್ರೋಲ್ ಕುಡಿದ ಪ್ರಾಣಿಗೆ ವಾಂತಿ ಮಾಡಿಸಿದರೆ ಹೋಗುವಾಗ ಸುಟ್ಟಿದ್ದು ಬರುವಾಗಲೂ ಸುಡುತ್ತದೆ. ವಾಂತಿ ಮಾಡಿಸಬೇಕೋ ಬೇಡವೋ ಎಂದು ತೀರ್ಮಾನಿಸಿ ಇಂಜೆಕ್ಷನ್ ಕೊಡುವುದು ನಮ್ಮ ಕೆಲಸ. ಸಾಮಾನ್ಯವಾಗಿ ತಿಂದು ಎರಡು ಗಂಟೆಯೊಳಗೆ ಬಂದರೆ ಮಾತ್ರ ಅದರಿಂದ ಉಪಯೋಗ.

ನಿಮ್ಮ ಕೆಲಸ ಪ್ಯಾಕೆಟ್ ತರುವುದು. ಹರಿದ ಚೂರಾದರೂ ಸರಿ. "ಇಲಿ ಪಾಷಾಣ" ಎಂಬ ಒಂದೇ ಹೆಸರಿನಲ್ಲಿ ನಾಲ್ಕಾರು ಬೇರೆ ಬೇರೆ ವಿಷಗಳಿವೆ. ಬಣ್ಣದ ಬಿಲ್ಲೆಯಾಗಿ ಸಿಗುವ ಬ್ರೋಮಾಡಿಯೋಲೋನ್ ತಿಂದ ನಾಯಿ ಮೊದಲೆರಡು ದಿನ ಆರಾಮಾಗಿ ಓಡಾಡುತ್ತದೆ. "ಏನೂ ಆಗಲಿಲ್ಲ" ಎಂದು ಮನೆಯವರು ನಿರಾಳವಾಗುತ್ತಾರೆ. ಮೂರನೇ ದಿನದ ಹೊತ್ತಿಗೆ ರಕ್ತ ಹೆಪ್ಪುಗಟ್ಟುವುದು ನಿಂತು ಎದೆಯೊಳಗೆ, ಹೊಟ್ಟೆಯೊಳಗೆ ಸೋರಲು ಶುರುವಾಗುತ್ತದೆ. ಇದಕ್ಕೆ ವಿಟಮಿನ್ ಕೆ1 ಒಳ್ಳೆಯ ಮದ್ದು, ಆದರೆ ವಾರಗಟ್ಟಲೆ ಕೊಡಬೇಕು. ಕಪ್ಪು ಪುಡಿಯ ಜಿಂಕ್ ಫಾಸ್ಫೈಡ್ ಬೇರೆಯೇ. ಅದು ಹೊಟ್ಟೆಯಲ್ಲಿ ವಿಷಗಾಳಿಯಾಗುತ್ತದೆ, ಅದಕ್ಕೆ ಪ್ರತಿಮದ್ದಿಲ್ಲ. ಅಂಥ ನಾಯಿಯನ್ನು ಕಾರಿನಲ್ಲಿ ತರುವಾಗ ಕಿಟಕಿ ತೆರೆದಿಡಿ, ವಾಂತಿಯ ಗಾಳಿ ನಿಮಗೂ ಅಪಾಯ. ತಿನ್ನಲು ಏನೂ ಕೊಡಬೇಡಿ.

ತೋಟ, ಗದ್ದೆಗೆ ಹೊಡೆಯುವ ಔಷಧಿ ಮೈಗೆ ತಾಗಿದರೆ ಜೊಲ್ಲು ಸುರಿಯುತ್ತದೆ, ಮೈ ಅದುರುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಮೊದಲು ಕೈಗವಸು ಹಾಕಿಕೊಂಡು ಸೋಪು ಹಚ್ಚಿ ತೊಳೆಯಿರಿ, ಆಮೇಲೆ ಹೊರಡಿ. ಕಾಫಿ, ಅಡಿಕೆ ತೋಟದವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಬಸವನಹುಳಕ್ಕೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಯನ್ನು ನಾಯಿಗಳು ರುಚಿಗೆ ತಿನ್ನುತ್ತವೆ. ಒಂದೆರಡು ಗಂಟೆಯೊಳಗೆ ನಡುಕ, ಫಿಟ್ಸ್, ಸುಡುವ ಜ್ವರ ಬರಬಹುದು. ಗುಳಿಗೆ ಹಾಕಿದ ದಿನ ನಾಯಿ ಕಟ್ಟಿ ಹಾಕಿ.

ಅಡುಗೆಮನೆಯಲ್ಲಿ ವಿಷವೆಂದು ನೆನಪಿಡಬೇಕಾದವು: ನಾಯಿಗೆ ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್. ನಾಯಿ, ಬೆಕ್ಕು ಎರಡಕ್ಕೂ ಈರುಳ್ಳಿ, ಬೆಳ್ಳುಳ್ಳಿ. ಪಾಯಸದ ದ್ರಾಕ್ಷಿ ಆರಿಸಿ ನಾಯಿಗೆ ಹಾಕುವ ಮನೆಗಳು ಬಹಳ ಇವೆ. ಬೆಕ್ಕಿರುವ ಮನೆಗೆ ಲಿಲ್ಲಿ ಹೂವಿನ ಬೊಕೆ ತರಬೇಡಿ. ಅದರ ಪರಾಗ ನೆಕ್ಕಿದರೂ ಕಿಡ್ನಿ ಹೋಗುತ್ತದೆ.

ಹಾವು ಕಚ್ಚಿದೆ. ಆಸ್ಪತ್ರೆ ತಲುಪುವವರೆಗೆ ಏನು ಮಾಡಬೇಕು?

ನಾಯಿಯನ್ನು ನಡೆಸಬೇಡಿ. ಎತ್ತಿಕೊಳ್ಳಿ ಅಥವಾ ಗೋಣಿಚೀಲದ ಮೇಲೆ ಮಲಗಿಸಿ ತನ್ನಿ. ಓಡಾಡಿದಷ್ಟೂ ವಿಷ ಬೇಗ ಹರಡುತ್ತದೆ. ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಐಸ್ ಇಡುವುದು, ನಾಟಿ ಔಷಧಿ ಕುಡಿಸುವುದು ಯಾವುದೂ ಬೇಡ. ಕುತ್ತಿಗೆಯ ಬೆಲ್ಟ್ ಬಿಚ್ಚಿ. ನಾಯಿ ಮೂಸಲು ಹೋಗಿ ಮುಖಕ್ಕೇ ಕಚ್ಚಿಸಿಕೊಳ್ಳುವುದು ಹೆಚ್ಚು, ಊತ ಕುತ್ತಿಗೆಗೆ ಇಳಿದಾಗ ಬೆಲ್ಟ್ ಉಸಿರು ಕಟ್ಟಿಸುತ್ತದೆ.

ಕೊಳಕುಮಂಡಲ ಕಚ್ಚಿದರೆ ನೋವು, ಭಾರೀ ಊತ, ಕಚ್ಚಿದ ಜಾಗದಿಂದಲೂ ಮೂತ್ರದಲ್ಲೂ ರಕ್ತ. ನಾಗರಹಾವು ಕಚ್ಚಿದರೆ ಊತದ ಜೊತೆ ರೆಪ್ಪೆ ಜೋಲುತ್ತದೆ, ಕಾಲು ಕುಸಿಯುತ್ತದೆ, ಉಸಿರು ಸೋಲುತ್ತದೆ. ಕಟ್ಟುಹಾವು ಕಚ್ಚಿದ ಜಾಗದಲ್ಲಿ ಊತವೇ ಇರುವುದಿಲ್ಲ. ಗಾಯವೂ ಕಾಣದು. ರಾತ್ರಿ ಚೆನ್ನಾಗಿದ್ದ ನಾಯಿ ಬೆಳಗಿನ ಜಾವ ಏಳಲಾಗದೆ ಬಿದ್ದಿದ್ದರೆ ಇದನ್ನೂ ಯೋಚಿಸಬೇಕು.

ನಾವು ಹಾಕುವುದು ಮನುಷ್ಯರಿಗೆ ಕೊಡುವ ಅದೇ ವಿಷನಿರೋಧಕ. ಅದು ಈ ಮೂರು ಮತ್ತು ಗರಗಸ ಮಂಡಲ ಸೇರಿ ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು. ಕಾಳಿಂಗ ಸರ್ಪಕ್ಕಾಗಲಿ ನಮ್ಮ ಕಾಡಿನ ಗುಳಿಮಂಡಲಗಳಿಗಾಗಲಿ ತಯಾರಾದದ್ದಲ್ಲ. ಆದ್ದರಿಂದ ದೂರದಿಂದ ಹಾವಿನ ಫೋಟೋ ಸಿಕ್ಕರೆ ತೆಗೆಯಿರಿ. ಹೊಡೆದು ತರಲು ಹೋಗಬೇಡಿ, ನಿಮಗೂ ಕಚ್ಚಿದರೆ ಎರಡು ಆಸ್ಪತ್ರೆ ಆಗುತ್ತದೆ. ಹೊರಡುವ ಮೊದಲು ಫೋನ್ ಮಾಡಿ ಔಷಧಿ ಇದೆಯೇ ಕೇಳಿ. ಎಲ್ಲ ಕ್ಲಿನಿಕ್‌ಗಳಲ್ಲೂ ಇರುವುದಿಲ್ಲ. ನಾಯಿ ಚಿಕ್ಕದು ಅಂತ ಡೋಸ್ ಚಿಕ್ಕದಾಗುವುದಿಲ್ಲ, ಯಾಕೆಂದರೆ ಹಾವು ಬಿಟ್ಟ ವಿಷ ಅಷ್ಟೇ ಇರುತ್ತದೆ.

ಮರಿಗೆ ವಾಂತಿ, ರಕ್ತಭೇದಿ. ಹುಳುವಿನ ಔಷಧಿ ಕೊಟ್ಟು ನೋಡಲಾ?

ಲಸಿಕೆ ಪೂರ್ತಿಯಾಗದ ಮರಿಯಾದರೆ ಮೊದಲು ಪಾರ್ವೋ ಎಂಬ ವೈರಸ್ ರೋಗ ಎಂದುಕೊಳ್ಳಿ. ಆರು ವಾರದಿಂದ ಆರು ತಿಂಗಳ ಮರಿಗಳಿಗೆ ಹೆಚ್ಚು. ಕೊಳೆತ ರಕ್ತದ ಒಂದು ವಾಸನೆ ಬರುತ್ತದೆ. ಒಂದು ಸಲ ಮೂಸಿದವರು ಮರೆಯುವುದಿಲ್ಲ. ವೈರಸ್ ಕೊಲ್ಲುವ ಮದ್ದಿಲ್ಲದ ಕಾರಣ ಮೈಯಿಂದ ಹೋಗುವ ನೀರು, ಲವಣ, ಸಕ್ಕರೆಯನ್ನು ಡ್ರಿಪ್‌ನಲ್ಲಿ ವಾಪಸ್ ಕೊಡುತ್ತ ಕಾಯಬೇಕು. ಮೊದಲ ದಿನವೇ ಬಂದ ಮರಿಗಳಲ್ಲಿ ಹೆಚ್ಚಿನವು ಉಳಿಯುತ್ತವೆ. ಬೆಕ್ಕಿನ ಮರಿಗಳಿಗೂ ಇಂಥದೇ ಒಂದು ವೈರಸ್ ಇದೆ.

ಲಸಿಕೆ 6ರಿಂದ 8 ವಾರಕ್ಕೆ ಶುರು. ಮೂರು ನಾಲ್ಕು ವಾರಕ್ಕೊಮ್ಮೆಯಂತೆ 16 ವಾರದವರೆಗೆ ಮುಂದುವರಿಸಬೇಕು. "ಒಂದು ಹಾಕಿಸಿದ್ದೇವೆ" ಎಂದರೆ ಸಾಲದು. ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಫಿನಾಯಿಲ್‌ಗೆ ಬಗ್ಗುವುದಿಲ್ಲ. ಒಂದು ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ಒರೆಸಿ.

ಬಿಸಿಲಿಗೆ ಕುಸಿದು ಬಿದ್ದಿದೆ.

ನೆರಳಿಗೆ ತಂದು ನಲ್ಲಿ ನೀರು ಮೈಮೇಲೆ ಹೊಯ್ಯಿರಿ, ಫ್ಯಾನ್ ಹಾಕಿ. ಹೊಟ್ಟೆ, ತೊಡೆಸಂದು, ಪಾದ ಚೆನ್ನಾಗಿ ನೆನೆಯಲಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಕಾದು ಕಂಬಳಿಯಾಗುತ್ತದೆ. ಉಷ್ಣಾಂಶ 103ಕ್ಕೆ ಇಳಿದಾಗ ನಿಲ್ಲಿಸಿ. ಎದ್ದು ಓಡಾಡಿದರೂ ತೋರಿಸಲೇಬೇಕು, ಒಳಗಿನ ಏಟು ಮರುದಿನ ಕಾಣುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲೇ ಬೇಕೆಂದಿಲ್ಲ. ಬೆಂಗಳೂರಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರು ಹತ್ತಿಪ್ಪತ್ತು ನಿಮಿಷದಲ್ಲಿ ಒಲೆಯಾಗುತ್ತದೆ. ಪಗ್, ಶಿಟ್ಜುಗಳಂಥ ಚಪ್ಪಟೆ ಮೂಗಿನವಕ್ಕೆ ಬೆಳಗ್ಗೆ ಒಂಬತ್ತರ ವಾಕಿಂಗೂ ಜಾಸ್ತಿ.

ಹೊಟ್ಟೆ ಉಬ್ಬಿದೆ. ಗ್ಯಾಸ್ ಮಾತ್ರೆ ಸಾಕಾ?

ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡೋಬರ್‌ಮನ್‌ನಂಥ ಆಳವಾದ ಎದೆಯ ದೊಡ್ಡ ನಾಯಿ. ಊಟವಾಗಿ ಸ್ವಲ್ಪ ಹೊತ್ತಿಗೆ ಚಡಪಡಿಸುತ್ತದೆ, ಓಕರಿಸುತ್ತದೆ, ನೊರೆ ಬಿಟ್ಟು ಏನೂ ಬರುವುದಿಲ್ಲ, ಹೊಟ್ಟೆ ತಮಟೆಯಂತಾಗುತ್ತದೆ. ಒಳಗೆ ಜಠರವೇ ತಿರುಚಿಕೊಂಡಿರಬಹುದು. ಆಪರೇಷನ್ ಬಿಟ್ಟು ದಾರಿಯಿಲ್ಲ, ಕೆಲವೇ ಗಂಟೆ ಸಮಯ. ಮಾತ್ರೆ ನುಂಗಿಸುತ್ತ ಕೂರಬೇಡಿ.

ಫಿಟ್ಸ್ ಬಂದಾಗ ಕಬ್ಬಿಣ ಹಿಡಿಸಬೇಕಾ? ಈರುಳ್ಳಿ ಮೂಸಿಸಬೇಕಾ?

ಎರಡೂ ಬೇಡ. ಬಾಯಿಗೆ ಕೈ, ಚಮಚ ಹಾಕಬೇಡಿ, ನಾಯಿ ನಾಲಗೆ ನುಂಗುವುದಿಲ್ಲ. ಮೆಟ್ಟಿಲು, ಮೇಜಿನ ಮೂಲೆಯಿಂದ ದೂರ ಮಾಡಿ. ಲೈಟ್, ಟಿವಿ ಆರಿಸಿ, ಗಡಿಯಾರ ನೋಡಿ. ಒಬ್ಬರು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ, ನಮಗೆ ನಿಮ್ಮ ವಿವರಣೆಗಿಂತ ಅದು ಹೆಚ್ಚು ಹೇಳುತ್ತದೆ. 5 ನಿಮಿಷ ದಾಟಿದರೆ, ಅಥವಾ ಒಂದೇ ದಿನ ಎರಡನೇ ಸಲ ಬಂದರೆ ಕೂಡಲೇ ಹೊರಡಿ.

ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಅನಿಸುತ್ತದೆ. ಕೈ ಹಾಕಿ ತೆಗೆಯಲಾ?

ದಯವಿಟ್ಟು ಇದನ್ನು ನಿಧಾನವಾಗಿ ಓದಿ. ದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತ, ನುಂಗಲಾಗದೆ, ದನಿ ಬದಲಾದ ನಾಯಿ ನೋಡಲು ಥೇಟ್ ಮೂಳೆ ಸಿಕ್ಕಿದ ನಾಯಿಯ ಹಾಗೇ ಇರುತ್ತದೆ. ಅದು ರೇಬೀಸ್ ಆಗಿರಬಹುದು. ರೇಬೀಸ್ ನಾಯಿ ಯಾವಾಗಲೂ ಅಟ್ಟಿಸಿಕೊಂಡು ಕಚ್ಚುವುದಿಲ್ಲ. ಮೂಲೆಯಲ್ಲಿ ಸುಮ್ಮನೆ ಮಲಗುವುದೂ ಇದೆ. ಪಾಪ ಎಂದು ಬಾಯಿಗೆ ಕೈ ಹಾಕಿದವರು ಆಮೇಲೆ ಲಸಿಕೆಗೆ ಓಡಿದ್ದನ್ನು ನೋಡಿದ್ದೇನೆ. ಲಸಿಕೆ ಆಗದ ನಾಯಿ, ಬೀದಿ ನಾಯಿ ಹೀಗಿದ್ದರೆ ಮುಟ್ಟದೆ, ಮಕ್ಕಳನ್ನು ದೂರವಿಟ್ಟು ಫೋನ್ ಮಾಡಿ. ಜೊಲ್ಲು ಗಾಯಕ್ಕೆ ತಾಗಿದ್ದರೆ, ಕಚ್ಚಿದ್ದರೆ, ಪರಚಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಖಾರದಪುಡಿ, ಸುಣ್ಣ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಮನುಷ್ಯರಿಗಾಗಲಿ ನಾಯಿಗಾಗಲಿ ಚಿಕಿತ್ಸೆ ಇಲ್ಲ.

ನಿಮ್ಮ ಲಸಿಕೆಯಾದ ನಾಯಿ ನಿಮ್ಮೆದುರೇ ಮೂಳೆ ಅಗಿಯುತ್ತಿದ್ದು ಉಸಿರುಗಟ್ಟಿದರೆ ಮಾತು ಬೇರೆ. ಬಾಯಿ ಅಗಲಿಸಿ, ಕಣ್ಣಿಗೆ ಕಂಡರೆ ಮಾತ್ರ ತೆಗೆಯಿರಿ. ಕಾಣದಿದ್ದರೆ ಬೆರಳು ತೂರಿಸಬೇಡಿ, ಇನ್ನೂ ಒಳಗೆ ಹೋಗುತ್ತದೆ. ಸಣ್ಣ ನಾಯಿಯಾದರೆ ಹಿಂಗಾಲು ಎತ್ತಿ ತಲೆಕೆಳಗೆ ಮಾಡಿ. ದೊಡ್ಡದಾದರೆ ಪಕ್ಕೆಲುಬಿನ ಹಿಂದೆ ಎರಡೂ ಕೈ ಸುತ್ತಿ ಒಳಕ್ಕೂ ಮುಂದಕ್ಕೂ ಜೋರಾಗಿ ಒತ್ತಿ.

ಗಾಡಿ ಗುದ್ದಿತು, ಆದರೆ ಎದ್ದು ನಡೆಯಿತು. ತೋರಿಸಬೇಕಾ?

ಹೌದು. ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೂ ಗಾಬರಿಯಲ್ಲಿ ನಾಯಿ ಎದ್ದು ಓಡುತ್ತದೆ. ಬಿದ್ದಲ್ಲೇ ಇದ್ದರೆ ಹಲಗೆ ಅಥವಾ ಬಿಗಿಯಾಗಿ ಹಿಡಿದ ಬೆಡ್‌ಶೀಟ್ ಮೇಲೆ ಜಾರಿಸಿ ತನ್ನಿ. ನೋವಿಗೆ ನಿಮ್ಮ ಪ್ರೀತಿಯ ನಾಯಿಯೂ ಕಚ್ಚುತ್ತದೆ, ಹಾಗಾಗಿ ದುಪಟ್ಟಾದಿಂದ ಮೂತಿ ಕಟ್ಟಿ. ವಾಂತಿ ಮಾಡುತ್ತಿದ್ದರೆ, ಉಸಿರಿಗೆ ಕಷ್ಟಪಡುತ್ತಿದ್ದರೆ ಕಟ್ಟಬೇಡಿ. ಅಪಾರ್ಟ್‌ಮೆಂಟ್ ಬಾಲ್ಕನಿಯಿಂದ ಬಿದ್ದ ಬೆಕ್ಕಿಗೂ ಇದೇ ಮಾತು. ಕಾಲ ಮೇಲೆ ಇಳಿದರೂ ದವಡೆ, ಎದೆಗೆ ಏಟು ಬಿದ್ದಿರುತ್ತದೆ. ಬಾಲ್ಕನಿಗೆ ಬಲೆ ಹಾಕಿಸಿ.

ಉಣ್ಣಿ ಇದ್ದರೆ ಅದೂ ತುರ್ತಾ?

ಉಣ್ಣಿ ತುರ್ತಲ್ಲ, ಅದು ತರುವ ಜ್ವರ ತುರ್ತು. ಊಟ ಬಿಡುವುದು, ಜ್ವರ, ಮೂಗಿನಲ್ಲಿ ರಕ್ತ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ, ಕಾಫಿ ಬಣ್ಣದ ಮೂತ್ರ, ಬಿಳಿಚಿದ ಒಸಡು ಕಂಡರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಬೇಗ ಹಿಡಿದರೆ ಹೆಚ್ಚಾಗಿ ಔಷಧಿಯಲ್ಲೇ ವಾಸಿಯಾಗುತ್ತದೆ. ಮಲೆನಾಡಿನಲ್ಲಿ ಒಂದೇ ಹೊಳ್ಳೆಯಿಂದ ರಕ್ತ ಬಂದು ಸೀನುತ್ತಿದ್ದರೆ ಮೂಗಿನೊಳಗೆ ಇಂಬಳ ಹೊಕ್ಕಿರುವುದೂ ಉಂಟು.

ಹೆಣ್ಣು ನಾಯಿ ವಿಪರೀತ ನೀರು ಕುಡಿಯುತ್ತಿದೆ, ಮಂಕಾಗಿದೆ.

ಬೆದೆ ಮುಗಿದು ಒಂದೆರಡು ತಿಂಗಳಾಗಿದೆಯಾ, ಸಂತಾನಹರಣ ಆಪರೇಷನ್ ಆಗಿಲ್ಲವಾ? ಹಾಗಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಕಾಣದಿದ್ದರೆ ಅಪಾಯ ಇನ್ನೂ ಜಾಸ್ತಿ. ಮರಿ ಹಾಕುವಾಗ ಜೋರಾಗಿ ತಿಣುಕಿ ಅರ್ಧ ಗಂಟೆಯಾದರೂ ಮರಿ ಬಾರದಿದ್ದರೆ, ಮೊದಲ ಮರಿಗೆ ಮುಂಚೆಯೇ ಹಸಿರು ನೀರು ಕಂಡರೆ ಕಾಯಬೇಡಿ. ಹಾಲೂಡಿಸುವ ಸಣ್ಣ ಜಾತಿಯ ತಾಯಿ ನಡುಗುತ್ತ ಸೆಟೆದುಕೊಂಡರೆ ಕ್ಯಾಲ್ಸಿಯಂ ಇಳಿದಿದೆ. ಮರಿಗಳನ್ನು ಬಿಡಿಸಿ, ತಾಯಿಯನ್ನು ತನ್ನಿ.

ಬೆಕ್ಕಿನ ಬಾಯಲ್ಲಿ ದಾರ ನೇತಾಡುತ್ತಿದೆ.

ಎಳೆಯಬೇಡಿ. ಇನ್ನೊಂದು ತುದಿ ಕರುಳಿನಲ್ಲಿದ್ದರೆ ದಾರ ಗರಗಸದಂತೆ ಕೊಯ್ಯುತ್ತದೆ. ಹಿಂದುಗಡೆಯಿಂದ ಹೊರಬಂದಿದ್ದರೂ ಎಳೆಯಬೇಡಿ.

ಗಾಯದಲ್ಲಿ ಹುಳ ಬಿದ್ದಿದೆ. ಪೆಟ್ರೋಲ್, ಫಿನಾಯಿಲ್ ಹಾಕಬಹುದಾ?

ಬೇಡ, ಮಾಂಸ ಸುಡುತ್ತದೆ. ಬೆಕ್ಕಿಗೆ ಫಿನಾಯಿಲ್ ನೆಕ್ಕಿದರೂ ವಿಷ. ಹೊರಗೆ ಬಟಾಣಿಯಷ್ಟು ತೂತು, ಒಳಗೆ ಮುಷ್ಟಿಯಷ್ಟು ಟೊಳ್ಳು ಇರುತ್ತದೆ. ತೊಳೆದು, ಒಂದೊಂದಾಗಿ ತೆಗೆದು, ನೋವಿಗೂ ಔಷಧಿ ಕೊಡಬೇಕು.

ರಾತ್ರಿ ನಮ್ಮೂರಲ್ಲಿ ಡಾಕ್ಟರೇ ಸಿಗುವುದಿಲ್ಲ. ಏನು ಮಾಡಲಿ?

ಇವತ್ತೇ ಮೂರು ನಂಬರ್ ಬರೆದಿಡಿ: ನಿಮ್ಮ ಮಾಮೂಲಿ ಡಾಕ್ಟರ್, ರಾತ್ರಿ ತೆರೆದಿರುವ ಹತ್ತಿರದ ಕ್ಲಿನಿಕ್, ರಾತ್ರಿ ಬರಲು ಒಪ್ಪುವ ಒಬ್ಬ ಆಟೋದವರು. ನಾಯಿ ಇದೆ ಎಂದರೆ ಬಾರದ ಗಾಡಿಗಳೇ ಹೆಚ್ಚು. ಸರ್ಕಾರದ ಪಶು ಸಂಜೀವಿನಿಯ ಉಚಿತ ಸಹಾಯವಾಣಿ 1962. ಹೆಬ್ಬಾಳ, ಹಾಸನ, ಶಿವಮೊಗ್ಗ, ಗದಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ಆಸ್ಪತ್ರೆಗಳಿವೆ. ಯಾವ ಹೊತ್ತಿಗೆ ತೆರೆದಿರುತ್ತವೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಕೈಯಲ್ಲಿ ದುಡ್ಡು ಎಷ್ಟಿದೆ ಎಂಬುದನ್ನೂ ಸಂಕೋಚವಿಲ್ಲದೆ ಹೇಳಿ. ಅಷ್ಟರಲ್ಲಿ ಯಾವುದನ್ನು ಮೊದಲು ಮಾಡಬೇಕೆಂದು ನಾವು ಯೋಚಿಸಬಹುದು. ದುಡ್ಡಿಲ್ಲ ಅಂತ ಬಾರದೆ ಉಳಿಯಬೇಡಿ.

ಮನೆಯಲ್ಲಿ ಏನೇನು ಇಟ್ಟುಕೊಂಡಿರಬೇಕು?

ಒಂದು ಡಿಜಿಟಲ್ ಥರ್ಮಾಮೀಟರ್, ಅದರ ತುದಿಗೆ ಹಚ್ಚಲು ಸ್ವಲ್ಪ ಕೊಬ್ಬರಿ ಎಣ್ಣೆ. ಗಾಯ ತೊಳೆಯಲು ಸಲೈನ್ ಬಾಟಲಿ. ಪಗ್‌ನಂಥ ನಾಯಿಯ ಕಣ್ಣುಗುಡ್ಡೆ ಹೊರಬಂದಾಗ ಅದನ್ನು ಒದ್ದೆಯಾಗಿಟ್ಟು ತರಲೂ ಇದೇ ಬೇಕು. ಗಾಜ್ ಬಟ್ಟೆ, ಅಗಲದ ಬ್ಯಾಂಡೇಜ್. ರಕ್ತ ಸುರಿಯುತ್ತಿದ್ದರೆ ಗಾಜ್ ಇಟ್ಟು 5 ನಿಮಿಷ ಒತ್ತಿ ಹಿಡಿಯಿರಿ, ನಡುವೆ ಎತ್ತಿ ಎತ್ತಿ ನೋಡಬೇಡಿ. ಮೂತಿ ಕಟ್ಟಲು ಉದ್ದನೆಯ ಹತ್ತಿ ಬಟ್ಟೆ, ಬೆಕ್ಕನ್ನು ಸುತ್ತಲು ದಪ್ಪ ಟವೆಲ್, ಬಾಗಿಲು ಗಟ್ಟಿಯಾಗಿ ಮುಚ್ಚುವ ಬುಟ್ಟಿ. ಲಸಿಕೆ ಪುಸ್ತಕವೂ ಅದೇ ಬುಟ್ಟಿಯಲ್ಲಿರಲಿ. ಥರ್ಮಾಮೀಟರ್ ಮೇಲೆ ಮಾತ್ರ ಒಂದು ಪಟ್ಟಿ ಅಂಟಿಸಿ "ನಾಯಿಯದು" ಎಂದು ದಪ್ಪಗೆ ಬರೆದಿಡಿ.